ಗೋಡೆ ಮೇಲಿನ ಚೀಲದಿಂದ ಬಂದ ಈ ಬೂದು ಪತಂಗ ಯಾವುದು?

ಕಲ್ಯಾಣಪುರ_ಕಾಗೆ
ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಕಲ್ಯಾಣಪುರದ ಹತ್ತಿರ ಹಳೆ ಹಂಚಿನ ಮನೆ. ಮಳೆಗಾಲ ಶುರುವಾದರೆ ಸಾಕು, ಗೋಡೆ ತುಂಬ ಚಪ್ಪಟೆ ಚೀಲಗಳು ಹತ್ತುತ್ತವೆ. ಬಿತ್ತನೆಗೆ ಅಂತ ಬೂದಿಯಲ್ಲಿ ಹೊರಳಿಸಿ ಇಟ್ಟ ಸೌತೆಬೀಜ ಇರುತ್ತದಲ್ಲ, ನೋಡಲು ಹಾಗೇ. ಎರಡು ತುದಿ ಚೂಪು, ನಡು ಅಗಲ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತರೆ ಒಂದು ತುದಿಯಿಂದ ಕಂದು ತಲೆ ಹೊರಗೆ ಬರುತ್ತದೆ, ಆರು ಕಾಲು ಗೋಡೆ ಹಿಡಿಯುತ್ತವೆ, ಚೀಲ ಹಿಂದಿನಿಂದ ಎಳೆದುಕೊಂಡು ಬರುತ್ತದೆ. ಮುಟ್ಟಿದರೆ ತಲೆ ಒಳಗೆ. ಒಂದು ನಿಮಿಷ ಬಿಟ್ಟು ನೋಡಿದರೆ ಇನ್ನೊಂದು ತುದಿಯಿಂದ ಇಣುಕುತ್ತದೆ!

ಈ ಸಲ ಎರಡು ಚೀಲ ಹಿಡಿದು ಗಾಜಿನ ಬಾಟಲಿಗೆ ಹಾಕಿದೆ. ಬಾಯಿಗೆ ಹಳೆ ಪಂಚೆಯ ತುಂಡು, ಮೇಲೊಂದು ರಬ್ಬರ್ ಬ್ಯಾಂಡ್. ತಿನ್ನಲು ಬಾಚಣಿಗೆಯ ಕೂದಲು, ಅಟ್ಟದಿಂದ ತೆಗೆದ ಜೇಡರ ಬಲೆ. ಕೆಲವು ದಿನ ಕಳೆದ ಮೇಲೆ ಒಂದು ಚೀಲ ಬಟ್ಟೆಗೆ ಅಂಟಿಕೊಂಡು ಅಲುಗಾಡುವುದು ನಿಲ್ಲಿಸಿತು. ಅದಾಗಿ 17ನೇ ದಿನ, ಮಧ್ಯಾಹ್ನ ಊಟಕ್ಕೆ ಕೂರುವಾಗ ನೋಡಿದರೆ ಗಾಜಿನ ಮೇಲೆ ಇದು ಕೂತಿದೆ.

ಕೂತಾಗ ಒಂದು ಕುಚ್ಚಲಕ್ಕಿ ಕಾಳಿನಷ್ಟು ಉದ್ದ. ಬಣ್ಣ ಬೂದು. ರೆಕ್ಕೆ ಹಂಚಿನ ಮಾಡಿನ ಹಾಗೆ ಎರಡು ಕಡೆಗೂ ಇಳಿಜಾರು. ಮುಂದಿನ ರೆಕ್ಕೆಯಲ್ಲಿ ಮೂರೋ ನಾಲ್ಕೋ ಕಪ್ಪು ಚುಕ್ಕೆ, ಬೆರಳಲ್ಲಿ ಒರೆಸಿದ ಮಸಿಯಂತೆ. ಹಿಂದಿನ ರೆಕ್ಕೆಯ ಅಂಚಿಗೆ ಉದ್ದ ಕೂದಲಿನ ಝಾಲರಿ. ತಲೆ ಮಾತ್ರ ಈಗಷ್ಟೇ ಹಾಸಿಗೆಯಿಂದ ಎದ್ದವರ ತಲೆ, ಪೂರ್ತಿ ಕೆದರಿದೆ. ಖಾಲಿ ಚೀಲದ ತುದಿಯಲ್ಲಿ ತೆಳು ಸಿಪ್ಪೆಯೊಂದು ಅರ್ಧ ಹೊರಗೆ ನೇತಾಡುತ್ತಿದೆ.

ಮೂರು ಫೋಟೊ ಹಾಕಿದ್ದೇನೆ, ಮೂರನೆಯದು ಮಂಜು, ಕ್ಷಮಿಸಿ. ಇದು ಬಟ್ಟೆ ತಿನ್ನುವ ಪತಂಗವಾ? ಅಮ್ಮ ಸೀರೆ ಕಪಾಟಿನ ಎದುರು ಕಾವಲು ನಿಂತಿದ್ದಾರೆ. ನನಗೆ ಹೆಸರು ಬೇಕು, ಕುಟುಂಬ ಬೇಕು.

ಪಡುಬಿದ್ರಿ_ಪಾಪದವ
ಹಲ್ಲಿ ಹಿಕ್ಕೆ ಅಲ್ವಾ ಇದು?

ಕಲ್ಯಾಣಪುರ_ಕಾಗೆ
ಹಲ್ಲಿ ಹಿಕ್ಕೆ ನಡೆಯುವುದಿಲ್ಲ ಮಾರಾಯ್ರೆ.

ಹಿಡಿಸೂಡಿ_ಅಕ್ಕ
ಅಯ್ಯೋ, ಇದಕ್ಕೆ ಇಷ್ಟು ದೊಡ್ಡ ಸಂಶೋಧನೆಯಾ! ನಾನು 20 ವರ್ಷದಿಂದ ಇದನ್ನು ಗುಡಿಸಿ ಅಂಗಳಕ್ಕೆ ಹಾಕುತ್ತಾ ಬಂದಿದ್ದೇನೆ. ಒಳಗೆ ಹುಳ ಉಂಟು ಅಂತ ಗೊತ್ತಿತ್ತು. ರೆಕ್ಕೆ ಬರುತ್ತದೆ ಅಂತ ಈಗಲೇ ಗೊತ್ತಾದದ್ದು.

ಮಣಿಪಾಲ_ಏಳನೇಮಹಡಿ
ನಮ್ಮ ಬಚ್ಚಲಲ್ಲಿ ಟೈಲ್ಸ್ ಮೇಲೆ ಕೂರುತ್ತದಲ್ಲ, ಹೃದಯದ ಆಕಾರದ ಬೂದು ಪತಂಗ, ಅದೇ ಇದು. ಹೊಡೆದರೆ ಬೂದಿಯಾಗಿ ಹೋಗುತ್ತದೆ. ಚೀಲದಿಂದ ಬರುವುದಲ್ಲ, ಚರಂಡಿಯಿಂದ ಬರುವುದು.

ಬೂದು_ರೆಕ್ಕೆ
@ಮಣಿಪಾಲ, ನಿಮ್ಮದು ಪತಂಗವೇ ಅಲ್ಲ, ನೊಣ. ರೋಮ ಜಾಸ್ತಿ ಇರುವುದರಿಂದ ಪತಂಗದ ಹಾಗೆ ಕಾಣುತ್ತದೆ. ರೆಕ್ಕೆ ಎಣಿಸಿ ನೋಡಿ, ಎರಡೇ. ಪತಂಗಕ್ಕೆ ನಾಲ್ಕು. ಅದರ ಮರಿಗಳು ಬಚ್ಚಲ ಕೊಳವೆಯೊಳಗಿನ ಲೋಳೆಯಲ್ಲಿ ಬೆಳೆಯುತ್ತವೆ. ಕೊಳವೆಯನ್ನು ಬ್ರಷ್ ಹಾಕಿ ಉಜ್ಜಿದರೆ ಹೋಗುತ್ತದೆ, ಸ್ಪ್ರೇ ಹೊಡೆದರೆ ಹೋಗುವುದಿಲ್ಲ.

ಕಾಗೆಯವರದು ನಿಜವಾದ ಪತಂಗ. ಟಿನಿಯಿಡೇ ಕುಟುಂಬ, ಅದರಲ್ಲಿ ಅನುಮಾನ ಬೇಡ. ಕೆದರಿದ ತಲೆ ಈ ಕುಟುಂಬದ ಗುರುತು. ಕೂತಾಗ ರೆಕ್ಕೆ ಮಾಡಿನ ಹಾಗೆ ಇಳಿಯುವುದೂ ಸರಿಯಾಗಿದೆ. ಈ ಕುಟುಂಬದ ಮರಿಗಳಲ್ಲಿ ಹಸಿರು ಎಲೆ ತಿನ್ನುವವು ತೀರಾ ಕಡಿಮೆ. ಉಣ್ಣೆ, ಕೂದಲು, ಗರಿ, ಅಣಬೆ, ಕೊಳೆತ ಮರ, ಬಿದ್ದ ಕಸ, ಹೀಗೆ ಬೇರೆಯವರಿಗೆ ಬೇಡವಾದದ್ದೆಲ್ಲ ಇವಕ್ಕೆ ಊಟ. ಚೀಲದ ಆಕಾರ ನೋಡಿದರೆ ಕುಲ ಫೆರಿಯೀಕಾ. ಗ್ರೀಕ್ ಭಾಷೆಯಲ್ಲಿ ಮನೆ ಹೊರುವವ ಅಂತ ಅರ್ಥ.

ಸುರತ್ಕಲ್_ಸುಬ್ಬ
ನನ್ನ ಫೋನಿನ ಆ್ಯಪ್‌ಗೆ ನಿಮ್ಮ ಮೊದಲ ಫೋಟೊ ಹಾಕಿ ನೋಡಿದೆ. ಟಿನಿಯಾ ಪೆಲಿಯೊನೆಲ್ಲಾ ಅಂತ ಬಂತು. ಅಂದರೆ ಬಟ್ಟೆ ತಿನ್ನುವ ಚೀಲದ ಪತಂಗ. ಕೇಸ್ ಮುಗಿಯಿತು. ಅಮ್ಮ ಕಾವಲು ನಿಂತದ್ದು ಸರಿ.

ಕದ್ರಿ_ಗುಡ್ಡೆ
ಆ್ಯಪ್ ಹೇಳಿದ ಕೂಡಲೇ ಕೇಸ್ ಮುಗಿಯುವುದಾದರೆ ನಾನು 30 ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದು ದಂಡ.

ಪೆಲಿಯೊನೆಲ್ಲಾಕ್ಕೆ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದಾನೆ. ಅದರ ಮರಿಯೂ ಚೀಲ ಹೊತ್ತು ತಿರುಗುತ್ತದೆ, ಆ್ಯಪ್ ಎಡವಿದ್ದು ಅಲ್ಲಿಯೇ. ಆದರೆ ಅದರ ಚೀಲ ಬೀಡಿಯ ಹಾಗೆ ಉದ್ದ ಕೊಳವೆ. ಇಲ್ಲಿಯದು ಚಪ್ಪಟೆ, ನಡು ಅಗಲ. ಆ ಅಗಲ ಅಲಂಕಾರಕ್ಕಲ್ಲ. ಒಳಗೆ ಹುಳ ಮಡಚಿಕೊಂಡು ತಿರುಗಿ ಇನ್ನೊಂದು ಬಾಗಿಲಿಗೆ ಹೋಗುವುದು ಅದೇ ಜಾಗದಲ್ಲಿ. ಕಾಗೆಯವರು ನೋಡಿದ್ದು ಅದನ್ನೇ.

ಚೀಲ ಹೊರದ ಬಟ್ಟೆ ಪತಂಗ ಇನ್ನೊಂದು ಉಂಟು, ಟಿನಿಯೋಲಾ. ಅದು ಹೊಂಬಣ್ಣ, ಚುಕ್ಕೆ ಇಲ್ಲ. ಅದೂ ಅಲ್ಲ ಇದು.

ಸುರತ್ಕಲ್_ಸುಬ್ಬ
ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಆ್ಯಪ್ 71 ಶೇಕಡಾ ಅಂತ ಹೇಳಿತ್ತು.

ಕದ್ರಿ_ಗುಡ್ಡೆ
ನಮ್ಮ ಕಾಲದಲ್ಲಿ 71 ಬಂದರೆ ಫಸ್ಟ್ ಕ್ಲಾಸ್. ಹೆಸರಿಡುವುದರಲ್ಲಿ ಫೇಲ್.

ಹಿಡಿಸೂಡಿ_ಅಕ್ಕ
ಸೀರೆ ವಿಷಯ ಯಾರೂ ಹೇಳಲಿಲ್ಲ! ತಿನ್ನುತ್ತದಾ ಇಲ್ವಾ?

ಬೂದು_ರೆಕ್ಕೆ
ಅಕ್ಕ, ಇದಕ್ಕೆ ತುಂಬಾ ಇಷ್ಟವಾದ ಊಟ ಹಳೆ ಜೇಡರ ಬಲೆ. ಅದು ಬಿಟ್ಟರೆ ಉದುರಿದ ಕೂದಲು, ಸತ್ತ ಹುಳಗಳು, ಉಣ್ಣೆ. ಹತ್ತಿ ಅದರ ಊಟ ಅಲ್ಲ. ನಮ್ಮ ಊರಲ್ಲಿ ಉಣ್ಣೆ ಅಂದರೆ ಯಾರದೋ ಮದುವೆಗೆ ಕೊಟ್ಟ ಶಾಲು ಒಂದೇ, ಅಲ್ವಾ? ಅದನ್ನು ಬಿಸಿಲಿಗೆ ಹಾಕಿ ಕೊಡವಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಗಂಜಿ ಹಾಕಿದ ಬಟ್ಟೆ, ಹಳೆ ಪುಸ್ತಕ ಕೆರೆದು ತಿನ್ನುವುದು ಬೆಳ್ಳಿಹುಳ, ಅದರ ಪಾಪ ಇದರ ತಲೆಗೆ ಕಟ್ಟಬೇಡಿ.

ರೆಕ್ಕೆ ಬಂದ ದೊಡ್ಡ ಪತಂಗದಿಂದ ಬಟ್ಟೆಗೆ ಏನೂ ತೊಂದರೆ ಇಲ್ಲ. ಮೊಟ್ಟೆ ಇಡುವುದೇ ಅದರ ಕೆಲಸ. ಗೋಡೆ ಬುಡದ ಸಂದಿಯಲ್ಲಿ, ಕಸದಲ್ಲಿ ಮೊಟ್ಟೆ ಅಂಟಿಸಿ ಹೋಗುತ್ತದೆ. ತಿನ್ನುವುದೆಲ್ಲ ಮರಿ.

ಬಿಜೈ_ಬಾವಿಕಟ್ಟೆ
ನಮ್ಮ ಕತೆ ಕೇಳಿ. ಹೋದ ವರ್ಷ ಇದೇ ಚೀಲ ನೋಡಿ ಹೆದರಿ ಹುಳ ಹೊಡೆಯುವವರನ್ನು ಕರೆಸಿದ್ದೆ. ಅವರು ಬಂದು ಗೋಡೆ ತಟ್ಟಿದರು, ಮುಖ ಗಂಭೀರ ಮಾಡಿದರು, ಗೆದ್ದಲು ಅಂದರು. ನೆಲಕ್ಕೆ ತೂತು ಕೊರೆದು ಮದ್ದು ಬಿಟ್ಟರು. ಅಜ್ಜನ ಕಾಲದ ರೆಡ್‌ಆಕ್ಸೈಡ್ ನೆಲ! 14 ತೂತು. ಮರುವಾರ ಅದೇ ಗೋಡೆಯಲ್ಲಿ ಅದೇ ಚೀಲ, ಆರಾಮವಾಗಿ ಮೇಲೆ ಹೋಗುತ್ತಾ ಇದೆ. ಫೋನ್ ಮಾಡಿದರೆ ಇದು ಗ್ಯಾರಂಟಿಯಲ್ಲಿ ಬರುವುದಿಲ್ಲ ಅಂದರು. ಈ ತೂತು ಮುಚ್ಚುವ ಮೇಸ್ತ್ರಿ ಯಾರಾದರೂ ಗೊತ್ತಿದ್ದರೆ ಹೇಳಿ, ಕೆಂಪು ಬಣ್ಣ ಕೂಡಿಸಲು ಈಗಿನವರಿಗೆ ಬರುವುದಿಲ್ಲ.

ಮಣಿಪಾಲ_ಏಳನೇಮಹಡಿ
ಹಂಚಿನ ಮನೆ, ಹಳೆ ಮನೆ ಅಂದರೆ ಹೀಗೇ. ಸುಮ್ನೆ ಆರ್‌ಸಿಸಿ ಮಾಡಿಸಿ.

ಬಿಜೈ_ಬಾವಿಕಟ್ಟೆ
ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಈ ಹುಳಕ್ಕೆ ಬಾಡಿಗೆ ಮನೆ ಕೊಡಲಿಕ್ಕಲ್ಲ. ಹಂಚಿನ ಮೇಲೆ ಯಾಕೆ ತಪ್ಪು ಹಾಕುತ್ತೀರಿ?

ಬೂದು_ರೆಕ್ಕೆ
ಹಂಚಿಗೂ ಇದಕ್ಕೂ ಸಂಬಂಧ ಇಲ್ಲ. ಇದಕ್ಕೆ ಬೇಕಾದದ್ದು ತೇವ. ಗಾಳಿಯಲ್ಲಿ ಪಸೆ ಇಲ್ಲದಿದ್ದರೆ ಬೆಳೆಯುವುದಿಲ್ಲ. ನಮ್ಮಲ್ಲಿ ಆಟಿ ತಿಂಗಳಲ್ಲಿ ಉಪ್ಪೇ ನೀರಾಗುತ್ತದೆ, ಇದಕ್ಕೆ ಹಬ್ಬ. ಏಳನೇ ಮಹಡಿಯವರು ಒಮ್ಮೆ ಕಪಾಟಿನ ಹಿಂದೆ ಟಾರ್ಚ್ ಹಾಕಿ ನೋಡಿ.

ಮಣಿಪಾಲ_ಏಳನೇಮಹಡಿ
ನೋಡಿದೆ. ನಾಲ್ಕು ಉಂಟು. ಈಗ ಸಂತೋಷವಾಯಿತಾ?

ಅಡಿಕೆತೆಂಗು_ಕಾರ್ಕಳ
ಹೆಸರು, ಕುಟುಂಬ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಇವರು ಬದಲಾಯಿಸುತ್ತಾ ಇರುತ್ತಾರೆ. ನಮ್ಮ ತೆಂಗಿನ ಕಪ್ಪುತಲೆ ಹುಳ ನೋಡಿ. ಅದೂ ಸಣ್ಣ ಬೂದು ಪತಂಗದ ಮರಿಯೇ. ಗರಿಯ ಅಡಿಯಲ್ಲಿ ಬಲೆ ಮತ್ತು ಹಿಕ್ಕೆ ಸೇರಿಸಿ ಸುರಂಗ ಕಟ್ಟಿ ಹಸಿರು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಗುಲಿದ ಹಾಗೆ. ಅಪ್ಪನ ಹಳೆ ಕೃಷಿ ಪುಸ್ತಕದಲ್ಲಿ ಅದರ ಹೆಸರು ನೆಫಾಂಟಿಸ್ ಸೆರಿನೋಪಾ. ಈಗ ಓಪಿಸಿನಾ ಅರೆನೋಸೆಲ್ಲಾ. ಕುಟುಂಬ ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಹುಳ ಮಾತ್ರ ಅದೇ, ತಿನ್ನುವ ಗರಿಯೂ ಅದೇ.

ಕದ್ರಿ_ಗುಡ್ಡೆ
ಸುಮ್ಮಸುಮ್ಮನೆ ಬದಲಾಯಿಸುವುದಲ್ಲ ಅದು. ಓಪಿಸಿನಾ ಅಂತ ವಾಕರ್ 1864ರಲ್ಲೇ ಹೆಸರಿಟ್ಟಿದ್ದ. ಅದು ಮರೆತುಹೋಗಿತ್ತು. ಮೇರಿಕ್ 1905ರಲ್ಲಿ ಅದೇ ಪತಂಗಕ್ಕೆ ನೆಫಾಂಟಿಸ್ ಅಂದ. ಎರಡೂ ಒಂದೇ ಅಂತ ಗೊತ್ತಾದ ಮೇಲೆ ಹಳೆಯದಕ್ಕೇ ಹಕ್ಕು. ಜಾಗದ ದಾಖಲೆಯ ಹಾಗೆ, ಮೊದಲ ರಿಜಿಸ್ಟ್ರಿ ಯಾರದು ಅಂತ ನೋಡುವುದು.

ಮೇರಿಕ್ ವಿಷಯ ಬಂತಲ್ಲ, ಹೇಳುತ್ತೇನೆ. ಅವನೂ ನನ್ನ ಹಾಗೆ ಶಾಲೆ ಮಾಷ್ಟ್ರು, ಇಂಗ್ಲೆಂಡಿನಲ್ಲಿ. ಸಾವಿರಾರು ಸಣ್ಣ ಪತಂಗಗಳಿಗೆ ಹೆಸರಿಟ್ಟ. ಕಾರವಾರದಿಂದ, ಕೊಡಗಿನಿಂದ ಪೆಟ್ಟಿಗೆಯಲ್ಲಿ ಹೋದ ಪತಂಗಗಳೂ ಅದರಲ್ಲಿ ಉಂಟು. ಅವನು ನಂಬಿದ್ದು ರೆಕ್ಕೆಯ ನರಗಳನ್ನು. ಹೊಟ್ಟೆ ಕೊಯ್ದು ಜನನಾಂಗ ನೋಡಿ ಗುರುತಿಸುವುದು ಅವನಿಗೆ ಆಗುತ್ತಿರಲಿಲ್ಲ. ಈಗ ಅದಿಲ್ಲದೆ ಇಂಥ ಸಣ್ಣವುಗಳ ಹೆಸರು ಹೇಳುವುದೇ ಕಷ್ಟ.

ಅಡಿಕೆತೆಂಗು_ಕಾರ್ಕಳ
ತಮಾಷೆ ಗೊತ್ತಾ ಮಾಷ್ಟ್ರೇ, ಆ ಕಪ್ಪುತಲೆ ಹುಳಕ್ಕೆ ನಾವು ತೋಟದಲ್ಲಿ ಬಿಡುವ ಸಣ್ಣ ಕಣಜದ ಹೆಸರು ಗೋನಿಯೋಜಸ್ ನೆಫಾಂಟಿಡಿಸ್. ಪತಂಗದ ಹೆಸರು ಬದಲಾಯಿತು, ಅದನ್ನು ಕೊಲ್ಲುವ ಕಣಜದ ಹೆಸರಲ್ಲಿ ಹಳೆಯದು ಹಾಗೇ ಉಳಿಯಿತು.

ಕದ್ರಿ_ಗುಡ್ಡೆ
ಇದು ನನಗೆ ಹೊಳೆದೇ ಇರಲಿಲ್ಲ! 30 ವರ್ಷ ಪಾಠ ಮಾಡಿದ್ದು ದಂಡ ಅಂತ ಈಗ ನಾನೇ ಹೇಳುತ್ತೇನೆ.

ಕುಂದಾಪ್ರ_ಹೈದ
ಎಲ್ಲರೂ ಪತಂಗ ಪತಂಗ ಅನ್ನುತ್ತೀರಿ. ನನ್ನ ಅಜ್ಜಿಗೆ ಆ ಶಬ್ದವೇ ಗೊತ್ತಿರಲಿಲ್ಲ. ದೀಪಕ್ಕೆ ಬಂದು ಬೀಳುವುದೆಲ್ಲ ಹಾತೆ. "ಹಾತೆ ಬಂತು, ದೀಪ ತಗ್ಗಿಸು" ಅಷ್ಟೇ. ಇಷ್ಟು ಒಳ್ಳೆ ಶಬ್ದ ಇರುವಾಗ ಪತಂಗ ಯಾಕೆ? ಹಿಂದಿಯವರಿಗೆ ಹೇಳಿದರೆ ಗಾಳಿಪಟ ಅಂದುಕೊಳ್ಳುತ್ತಾರೆ.

ಪಡುಬಿದ್ರಿ_ಪಾಪದವ
ಹಾತೆ ಅಂದರೆ ನಮ್ಮಲ್ಲಿ ಮಳೆಗೆ ಏಳುವ ಗೆದ್ದಲು. ಚಿಟ್ಟೆ ಅಂದರೆ ಸಾಕು ಎಲ್ಲದಕ್ಕೂ.

ಬೂದು_ರೆಕ್ಕೆ
ಚಿಟ್ಟೆ ಅಂದರೆ ತಪ್ಪೇನಿಲ್ಲ ಅನ್ನಬಹುದು, ಯಾಕೆಂದರೆ ಎರಡೂ ಒಂದೇ ಗಣ, ಲೆಪಿಡಾಪ್ಟೆರಾ. ಆದರೆ ಲೆಕ್ಕ ನೋಡಿದರೆ ಉಲ್ಟಾ. ಜಗತ್ತಿನಲ್ಲಿ ಈ ಗಣದ ಸುಮಾರು 1,60,000 ಪ್ರಭೇದಗಳಿಗೆ ಹೆಸರಿದೆ, ಅದರಲ್ಲಿ ಚಿಟ್ಟೆ ಅನ್ನಿಸಿಕೊಳ್ಳುವವು 18,000 ಚಿಲ್ಲರೆ. ಉಳಿದದ್ದೆಲ್ಲ ನಿಮ್ಮ ಅಜ್ಜಿಯ ಹಾತೆ. ವಂಶವೃಕ್ಷದಲ್ಲಿ ನೋಡಿದರೆ ಹಗಲು ಹಾರಲು ಕಲಿತ ಹಾತೆಗಳ ಒಂದು ಕವಲೇ ಚಿಟ್ಟೆ. ಹಾಗಾಗಿ ಚಿಟ್ಟೆಯನ್ನು ಹಾತೆ ಅಂದರೆ ಹೆಚ್ಚು ಸರಿ!

ಕುಂದಾಪ್ರ_ಹೈದ
ಅಜ್ಜಿ ಗೆದ್ದರು.

ಸುರತ್ಕಲ್_ಸುಬ್ಬ
ಹಾತೆ ಅಂದರೆ ಅದು ಮಾರಾಯ್ರೆ, ಆಗುಂಬೆಯಲ್ಲಿ ಒಮ್ಮೆ ಲಾಡ್ಜಿನ ಗೋಡೆಯಲ್ಲಿ ಅಟ್ಲಾಸ್ ನೋಡಿದ್ದೆ. ಎರಡು ಅಂಗೈ ಜೋಡಿಸಿದಷ್ಟು. ರೆಕ್ಕೆ ತುದಿಯಲ್ಲಿ ಹಾವಿನ ತಲೆ. ದೊಡ್ಡದಾದ ಮೇಲೆ ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲವಂತೆ, ಹೌದಾ? ನೀವು ಇಲ್ಲಿ ಅಕ್ಕಿ ಕಾಳಿನ ಗಾತ್ರದ್ದಕ್ಕೆ ಹೊಡೆದಾಡುತ್ತೀರಿ.

ಬೂದು_ರೆಕ್ಕೆ
ಹೌದು, ಮರಿಯಾಗಿದ್ದಾಗ ತಿಂದ ಕೊಬ್ಬಿನಲ್ಲೇ ಬದುಕು. ಆದರೆ ಅಟ್ಲಾಸ್‌ಗೆ ಫೋಟೊ ತೆಗೆಯುವವರು ಸಾವಿರ ಜನ. ಅದನ್ನು ನೋಡಲು ಘಾಟಿ ಹತ್ತಬೇಕು. ಇದು ನಿಮ್ಮ ಕ್ಯಾಲೆಂಡರ್ ಹಿಂದೆ ಉಂಟು.

ಕಾಪು_ದೀಪಸ್ತಂಭ
ಅಕ್ಕಿ ಅಂದದ್ದಕ್ಕೆ ನೆನಪಾಯಿತು. ಅಕ್ಕಿ ಡಬ್ಬಿಯಿಂದ ಹಾರುವ ಬೂದು ಪತಂಗ ಇದೇನಾ? ನಮ್ಮಲ್ಲಿ ಅಕ್ಕಿ ಗಂಟು ಗಂಟಾಗಿ ಬಲೆ ಕಟ್ಟುತ್ತದೆ.

ಬೂದು_ರೆಕ್ಕೆ
ಅಲ್ಲ. ಅದು ಅಕ್ಕಿ ಪತಂಗ, ಕೋರ್ಸೈರಾ. ಕುಟುಂಬವೇ ಬೇರೆ, ಪೈರಾಲಿಡೇ. ಗಾತ್ರದಲ್ಲೂ ಇದಕ್ಕಿಂತ ದೊಡ್ಡದು, ಚೀಲ ಇಲ್ಲ, ಕಾಳುಗಳನ್ನೇ ಬಲೆಯಲ್ಲಿ ಅಂಟಿಸಿ ಒಳಗೆ ಇರುತ್ತದೆ. ಅಕ್ಕಿಯನ್ನು ಒಳ್ಳೆ ಬಿಸಿಲಿಗೆ ಹರಡಿ. ಬಿಸಿಲು ಬಂದಾಗ.

ಕಾಪು_ದೀಪಸ್ತಂಭ
ಬಿಸಿಲಾ? ಇಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನದಿಂದ ಹಗ್ಗದಲ್ಲಿ ಉಂಟು.

ಕಲ್ಯಾಣಪುರ_ಕಾಗೆ
ಎಲ್ಲರಿಗೂ ಥ್ಯಾಂಕ್ಸ್. ಖಾಲಿ ಚೀಲವನ್ನು ಅಪ್ಪನ ಕನ್ನಡಕದ ಅಂಗಡಿಯ ಭೂತಗನ್ನಡಿಯಲ್ಲಿ ನೋಡಿದೆ. ಒಳಗೆ ಬಿಳಿ ರೇಷ್ಮೆ, ನುಣುಪು. ಹೊರಗೆ ಏನೇನು ಅಂಟಿಸಿದೆ ಗೊತ್ತಾ? ಮರಳು, ಸುಣ್ಣದ ಹಕ್ಕಳೆ, ನೀಲಿ ದಾರದ ಚೂರು, ಇರುವೆಯ ಒಂದು ಕಾಲು. ಮತ್ತು ನಡುವಿನಲ್ಲಿ ನಾಲ್ಕೈದು ಕೆಂಪು ಕಣ. ನೆಲದ ಬಣ್ಣ ಅಂದುಕೊಂಡೆ. ಆಮೇಲೆ ನೆನಪಾಯಿತು, ಈ ಚೀಲ ಹಿಡಿದದ್ದು ದೇವರ ಕೋಣೆಯ ಗೋಡೆಯಲ್ಲಿ. ಕುಂಕುಮ! ಅಮ್ಮನಿಗೆ ತೋರಿಸಿದೆ. ಅವತ್ತಿನಿಂದ ಬೈಗುಳ ಸ್ವಲ್ಪ ಕಡಿಮೆಯಾಗಿದೆ.

ಈಗ ಉಳಿದದ್ದು ಪೂರ್ತಿ ಹೆಸರು. ಕುಲ ಫೆರಿಯೀಕಾ ಆಯಿತು. ಮುಂದಿನದು ಯುಟರೆಲ್ಲಾ ಅಂತ ಬರೆದುಕೊಳ್ಳಲಾ? ಎಲ್ಲಿ ಹುಡುಕಿದರೂ ಅದೇ ಬರುತ್ತದೆ.

ಬೂದು_ರೆಕ್ಕೆ
ಅವಸರ ಮಾಡಬೇಡಿ. ಇಲ್ಲಿಯೇ ಸಿಕ್ಕು ಇರುವುದು. ರೆಬೆಲ್ 1892ರಲ್ಲಿ ಅಲ್ಯುಟೆಲ್ಲಾ ಅಂತ ಒಂದಕ್ಕೆ ಹೆಸರಿಟ್ಟ, ಟಿನಿಯಾ ಕುಲಕ್ಕೆ ಸೇರಿಸಿದ. ವಾಲ್ಸಿಂಗಮ್ 1897ರಲ್ಲಿ ಯುಟರೆಲ್ಲಾ ಅಂತ ಇನ್ನೊಂದಕ್ಕೆ ಇಟ್ಟ, ಅದನ್ನು ಟಿನಿಯೋಲಾಕ್ಕೆ ಹಾಕಿದ. ಹಿಂಟನ್ ಮತ್ತು ಬ್ರ್ಯಾಡ್ಲಿ ಈ ಚಪ್ಪಟೆ ಚೀಲದವರಿಗೆ ಫೆರಿಯೀಕಾ ಅಂತ ಬೇರೆ ಮನೆ ಮಾಡಿಕೊಟ್ಟದ್ದು 1956ರಲ್ಲಿ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ. ಭಾರತ, ಶ್ರೀಲಂಕಾದ ಪಟ್ಟಿಗಳಲ್ಲಿ ಇರುವುದು ಅಲ್ಯುಟೆಲ್ಲಾ. ಇಂಟರ್ನೆಟ್ಟಿನಲ್ಲಿ ಚೀಲ ಕಂಡ ಕೂಡಲೇ ಎಲ್ಲರೂ ಬರೆಯುವುದು ಯುಟರೆಲ್ಲಾ. ಒಬ್ಬರನ್ನು ನೋಡಿ ಇನ್ನೊಬ್ಬರು.

ಸುರತ್ಕಲ್_ಸುಬ್ಬ
ಹಾಗಾದರೆ ಅಲ್ಯುಟೆಲ್ಲಾ ಅಂತ ಬರೆಯಿರಿ, ಮುಗಿಯಿತು. ಊರಿನ ಪಟ್ಟಿಯಲ್ಲಿ ಇರುವುದೇ ಅದು.

ಕದ್ರಿ_ಗುಡ್ಡೆ
ಪಟ್ಟಿಯಲ್ಲಿ ಇದೆ ಅಂತ ಬಾಟಲಿಯಲ್ಲಿ ಇರುವುದೂ ಅದೇ ಆಗಬೇಕಾ? ಇವು ಸಾಮಾನಿನ ಜೊತೆ ಹಡಗಿನಲ್ಲಿ ಊರೂರು ಸುತ್ತುವ ಜಾತಿ. ನಮ್ಮದು ಬಂದರು ಊರು. ಚುಕ್ಕೆ ಎಣಿಸಿ ಹೇಳಲು ಆಗುವುದಿಲ್ಲ, ಗಂಡಿಗೆ ಚುಕ್ಕೆಯೇ ಮಾಸಿರುತ್ತದೆ, ಗಾತ್ರವೂ ಸಣ್ಣ. ಫೆರಿಯೀಕಾ ಅಂತ ಬರೆದು ನಿಲ್ಲಿಸಿ. ಮುಂದೆ ಒಂದು ಗೆರೆ ಎಳೆದು ಖಾಲಿ ಬಿಡಿ.

ಸುರತ್ಕಲ್_ಸುಬ್ಬ
ಅರ್ಧ ಹೆಸರು ಬರೆಯಲು ಇಷ್ಟು ಉದ್ದ ಚರ್ಚೆಯಾ!

ಬೂದು_ರೆಕ್ಕೆ
ಮಾಷ್ಟ್ರು ಹೇಳಿದ್ದೇ ಸರಿ. ತಪ್ಪು ಪೂರ್ತಿ ಹೆಸರಿಗಿಂತ ಸರಿಯಾದ ಅರ್ಧ ಹೆಸರು ವಾಸಿ. ಕಾಗೆಯವರೇ, ಪತಂಗ ಸತ್ತ ಮೇಲೆ ಎಸೆಯಬೇಡಿ. ಬೆಂಕಿಪೊಟ್ಟಣದಲ್ಲಿ ಟಿಶ್ಯೂ ಹಾಕಿ ಇಡಿ, ಹಿಡಿದ ಜಾಗ ಮತ್ತು ತಾರೀಕು ಬರೆದು. ಖಾಲಿ ಚೀಲವೂ ಜೊತೆಗಿರಲಿ. ಇರುವೆ ಬಾರದ ಜಾಗದಲ್ಲಿಡಿ, ಇಲ್ಲದಿದ್ದರೆ ಮರುದಿನ ರೆಕ್ಕೆ ಮಾತ್ರ ಉಳಿದಿರುತ್ತದೆ. ನನಗೆ ಆಗಿದೆ.

ಹಿಡಿಸೂಡಿ_ಅಕ್ಕ
ಇದೆಲ್ಲ ಓದಿ ನಿನ್ನೆ ಗುಡಿಸುವಾಗ ಒಂದನ್ನು ಬಿಟ್ಟೆ. ಮೂಲೆಯ ಜೇಡರ ಬಲೆ ಮಾತ್ರ ತೆಗೆದೆ. ಊಟ ಇಲ್ಲದೆ ಎಷ್ಟು ದಿನ ಇರುತ್ತದೆ?

ಅಡಿಕೆತೆಂಗು_ಕಾರ್ಕಳ
ಅಕ್ಕ, ಅದನ್ನು ಬಿಟ್ಟ ಹಾಗೂ ಆಗಲಿಲ್ಲ, ಕೊಂದ ಹಾಗೂ ಆಗಲಿಲ್ಲ 😀

ಕಲ್ಯಾಣಪುರ_ಕಾಗೆ
ಬೆಂಕಿಪೊಟ್ಟಣ ಆಯಿತು, ಹೆಸರು ಬರೆದು ಗೆರೆ ಎಳೆದಿದ್ದೇನೆ. ಆದರೆ ಇನ್ನೊಂದು ಸುದ್ದಿ. ಬಾಟಲಿಯಲ್ಲಿ ಎರಡನೇ ಚೀಲ ಇತ್ತಲ್ಲ, ಅದು ಎಷ್ಟೋ ದಿನದಿಂದ ಅಲುಗಾಡಿರಲಿಲ್ಲ. ಸತ್ತಿದೆ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಪಂಚೆಯ ಬಟ್ಟೆಯ ಕೆಳಗೆ ಕಪ್ಪಗೆ ಏನೋ ಓಡಾಡುತ್ತಿದೆ. ಎಳ್ಳಿನಷ್ಟು. ಕಾಲು ಸ್ವಲ್ಪ ಕೆಂಚು. ರೆಕ್ಕೆ ಪಾರದರ್ಶಕ, ಮೀಸೆ ಮೈಯಷ್ಟೇ ಉದ್ದ, ನಿಲ್ಲದೆ ಆಡಿಸುತ್ತಾ ಇದೆ. ಇದು ಪತಂಗ ಅಲ್ಲವೇ ಅಲ್ಲ. ಬಾಟಲಿಗೆ ಹೊರಗಿನಿಂದ ಏನೂ ಹೋಗಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ.

ಅಡಿಕೆತೆಂಗು_ಕಾರ್ಕಳ
ಕಣಜ! ನಾನು ಹೇಳಿದ್ದು ತೆಂಗಿನದು, ಇದು ನಿಮ್ಮ ಗೋಡೆಯದು.

ಬೂದು_ರೆಕ್ಕೆ
ವಾವ್. ಬ್ರಾಕೊನಿಡೇ ಕುಟುಂಬದ ಹಾಗೆ ಕಾಣುತ್ತದೆ. ಈ ಚೀಲದ ಹುಳದ ಒಳಗೆ ಮೊಟ್ಟೆ ಇಡುವ ಅಪಾಂಟೆಲಿಸ್ ಕಾರ್ಪೇಟಸ್ ಅಂತ ಒಂದು ಕಣಜ ಇದೆ. ಮರಿ ಹುಳವನ್ನು ಒಳಗಿನಿಂದ ತಿಂದು, ಅದೇ ಚೀಲದಲ್ಲಿ ಗೂಡು ಕಟ್ಟಿ ಹೊರಗೆ ಬರುತ್ತದೆ. ಬೇಗ ಫೋಟೊ ಹಾಕಿ. ಮಂಜು ಬೇಡ!

ಸುರತ್ಕಲ್_ಸುಬ್ಬ
ಆ್ಯಪ್ ತಯಾರಿದೆ.

ಕದ್ರಿ_ಗುಡ್ಡೆ
ಸುಬ್ಬಾ, ನೀನು ಸ್ವಲ್ಪ ಸುಮ್ಮನಿರು.

ಕಲ್ಯಾಣಪುರ_ಕಾಗೆ
ಫೋಟೊ ಸಂಜೆ ಹಾಕುತ್ತೇನೆ, ಈಗ ಕರೆಂಟ್ ಇಲ್ಲ. ಅಮ್ಮನಿಗೆ ಕಣಿಲೆ ಉಪ್ಪಿಗೆ ಹಾಕಲು ಬಾಟಲಿ ಬೇಕಂತೆ, ನಾಳೆವರೆಗೆ ಟೈಮ್ ಕೊಟ್ಟಿದ್ದಾರೆ.